ಒಬ್ಬರ ಮನೆಯಲ್ಲಿ ಎರಡು ತಾಟು

ಅವತ್ತು ಸೋಮವಾರ. ಯಲಬುರ್ಗಾದ ನಮ್ಮ ಮನೆಯಲ್ಲಿ ಬೆಳಗಿನ ಎಂಟಕ್ಕೆ ಹಂಚು ಕಾದಿತ್ತು. ನಾನು ರೊಟ್ಟಿ ಬಡಿಯುತ್ತಿದ್ದೆ. ನಮ್ಮವರು ಎದುರಿಗೆ ಕುಳಿತು ಉಣ್ಣುತ್ತಿದ್ದರು. ಅವರು ತಾಲೂಕಿನ ಒಂದು ಕಚೇರಿಯಲ್ಲಿ ಜವಾನರಾಗಿದ್ದರು.

“ಪುಂಡಿಪಲ್ಯಕ್ಕ ಖಾರ ಕಡಿಮಿ ಬಿದ್ದೈತಿ” ಅಂದರು.

“ನಿನ್ನೆ ಜಾಸ್ತಿ ಆಗೈತಿ ಅಂದ್ರಿ. ನಿಮಗ ಅಡಗಿ ಮಾಡಾಕ ಒಂದು ತಕ್ಕಡಿ ಇಟಗೋಬೇಕೇನು?”

“ಇಟಗೋ. ನಮ್ಮ ಆಫೀಸಿನಾಗ ಒಂದು ಹಳೇದು ಬಿದ್ದೈತಿ. ಸಾಹೇಬರನ್ನ ಕೇಳಿ ತಂದುಕೊಡ್ತೀನಿ.”

ಕೈ ತೊಳೆದು ಚಪ್ಪಲಿ ಮೆಟ್ಟಿ ಹೋದರು. ಮಧ್ಯಾಹ್ನ ಮೂರರ ಸುಮಾರಿಗೆ ಅವರ ಕಚೇರಿಯ ಇಬ್ಬರು ಮನೆಗೆ ಬಂದರು. ಬಾಗಿಲಲ್ಲೇ ನಿಂತರು, ಒಳಗೆ ಬರಲಿಲ್ಲ. ನಮ್ಮವರು ಕಚೇರಿಯಲ್ಲಿ ಎದೆ ಹಿಡಿದುಕೊಂಡು ಕುಳಿತವರು ಮತ್ತೆ ಏಳಲಿಲ್ಲವಂತೆ. ಅವರಿಗೆ ನಲವತ್ತೊಂಬತ್ತು, ನನಗೆ ನಲವತ್ಮೂರು. ಮಗಳು ಸುಜಾತಾ ಕೊಪ್ಪಳದ ಹಾಸ್ಟೆಲಿನಲ್ಲಿದ್ದು ಕಾಲೇಜು ಓದುತ್ತಿದ್ದಳು.

ನಾನು ಹತ್ತನೆಯ ತರಗತಿ ಪಾಸಾದವಳು. ಅನುಕಂಪದ ಆಧಾರದಲ್ಲಿ ನನಗೆ ನೌಕರಿ ಕೊಟ್ಟರು. ಸೇವೆಯಲ್ಲಿದ್ದವರು ತೀರಿಕೊಂಡರೆ ಮನೆಯವರೊಬ್ಬರಿಗೆ ಸರಕಾರ ಹೀಗೆ ಕೆಲಸ ಕೊಡುತ್ತದೆ. ಆದೇಶ ಬರಲು ಎಂಟು ತಿಂಗಳು ಹಿಡಿಯಿತು. ಅದರಲ್ಲಿ ಊರಿನ ಹೆಸರು ಗಂಗಾವತಿ ಎಂದಿತ್ತು. ಪಕ್ಕದ ಮನೆಯಲ್ಲಿರುವ ನನ್ನ ನೆಗೆಣ್ಣಿ, ಮೈದುನನ ಹೆಂಡತಿ ಗೌರವ್ವ ಅದನ್ನು ಕೇಳಿ ನಕ್ಕಳು. “ಅದಕ್ಯಾಕ ಮಾರಿ ಸಣ್ಣ ಮಾಡ್ತಿ? ಗಂಗಾವತಿ ಏನು ದುಬೈ ಐತೇನು? ಎರಡು ಬಸ್ಸು ಹತ್ತಿದ್ರ ಬಂತು.”

ಜಿಲ್ಲೆ ಒಂದೇ ಎನ್ನುವುದು ನಿಜ. ಆದರೆ ಎರಡನೆಯ ಬಸ್ಸು ಕೊಪ್ಪಳ ಬಿಟ್ಟು ಬಂಡೆಗಲ್ಲಿನ ಗುಡ್ಡಗಳನ್ನು ದಾಟಿದ ಮೇಲೆ ಕಿಟಕಿಯ ಹೊರಗೆ ನೋಡಿ ನಾನು ಗಾಬರಿಯಾದೆ. ಮಾರ್ಚ್ ತಿಂಗಳು. ನಮ್ಮ ಕಡೆ ಆ ಹೊತ್ತಿಗೆ ಎರೆಹೊಲ ಬಿರುಕು ಬಿಟ್ಟು, ದನಗಳು ಜೋಳದ ಒಣ ಸೊಪ್ಪೆಯನ್ನು ಜಗಿಯುತ್ತಿರುತ್ತವೆ. ಇಲ್ಲಿ ಕಣ್ಣು ಹೋದಷ್ಟು ದೂರ ಭತ್ತ. ನೀರು ಗದ್ದೆಯಲ್ಲಿ ಸುಮ್ಮನೆ ನಿಂತಿತ್ತು. ಅಷ್ಟು ನೀರನ್ನು ಯಾರೂ ಕಾಯದೆ ಬಿಟ್ಟಿದ್ದು ನೋಡಿ, ಯಾರದೋ ಮನೆಯ ಬಾಗಿಲು ತೆರೆದು ಬಿದ್ದದ್ದನ್ನು ಕಂಡ ಹಾಗಾಯಿತು. ಸಾವಿನ ಮನೆಯಿಂದ ಬಂದವಳಿಗೆ ಆ ಹಸಿರು ಸರಿ ಕಾಣಲಿಲ್ಲ. ಅದನ್ನು ನೋಡಬಾರದೆಂದು ಸೆರಗು ಎಳೆದುಕೊಂಡು ಕುಳಿತೆ.

ನನಗೆ ಸಿಕ್ಕಿದ್ದು ಮಹಡಿಯ ಮೇಲಿನ ಒಂದು ಕೋಣೆ ಮತ್ತು ಅಡುಗೆಮನೆ. ಮನೆಯೊಡತಿ ರತ್ತಮ್ಮನವರು ಕೆಳಗಿರುತ್ತಾರೆ. ಅವರ ತಂದೆಯ ಕಾಲದಲ್ಲಿ ಕಾಲುವೆ ಬಂದಾಗ ಆಂಧ್ರದಿಂದ ಬಂದು ಭೂಮಿ ಮಾಡಿದ ಕುಟುಂಬ. ಅಂಥವರು ನೆಲೆಸಿದ ಊರುಗಳನ್ನು ಇಲ್ಲಿ ಕ್ಯಾಂಪ್ ಎನ್ನುತ್ತಾರೆ. ಅವರೂ ವಿಧವೆ, ಎಪ್ಪತ್ತರ ಹತ್ತಿರ. ಮಾತು ಅರ್ಧ ಕನ್ನಡ, ಅರ್ಧ ತೆಲುಗು. ಎರಡನೆಯ ದಿನ ನಾನು ರೊಟ್ಟಿ ಬಡಿಯುತ್ತಿದ್ದಾಗ ಮೆಟ್ಟಿಲ ಕೆಳಗಿನಿಂದ ಕೂಗಿದರು.

“ಶಾಂತಮ್ಮಾ, ಮೇಲೆ ಏನಮ್ಮಾ ಕುಟ್ಟುತಾ ಇದೀಯ? ಗೋಡ ಪಗಿಲಿಪೋತುಂದಿ!”

ಗೋಡೆ ಬಿರಿದುಹೋಗುತ್ತದೆ ಎಂದು ಅದರ ಅರ್ಥ. ನಾನು ಹಿಟ್ಟಿನ ಕೈಯಲ್ಲೇ ಇಳಿದು ಹೋಗಿ ತೋರಿಸಿದೆ. ಅವರು ನಕ್ಕು, “ಒಬ್ಬಳಿಗೋಸ್ಕರ ಇಷ್ಟು ಯುದ್ಧ ಯಾಕೆ? ಅನ್ನ ಮಾಡಿಕೋ” ಅಂದರು.

ಯಲಬುರ್ಗಾದಲ್ಲಿ ಬೆಳಗಾದರೆ ಓಣಿಯ ಎಲ್ಲ ಮನೆಗಳಿಂದಲೂ ರೊಟ್ಟಿಯ ಸಪ್ಪಳ ಕೇಳುತ್ತದೆ. ಯಾರ ಮನೆಯದು ಕೇಳಲಿಲ್ಲವೋ ಅವರ ಮನೆಯಲ್ಲಿ ಜ್ವರವೋ ಜಗಳವೋ ಇದೆಯೆಂದು ತಿಳಿಯುತ್ತದೆ. ಇಲ್ಲಿ ಸಪ್ಪಳ ಮಾಡುತ್ತಿದ್ದವಳು ನಾನೊಬ್ಬಳೇ. ಒಂದು ತಿಂಗಳು ಕಳೆಯುವುದರೊಳಗೆ ಬಿಟ್ಟುಬಿಟ್ಟೆ. ಅನ್ನ, ಮೇಲೆ ಪಪ್ಪು. ಪಪ್ಪು ಎಂದರೆ ಇಲ್ಲಿಯವರ ಗಟ್ಟಿಬೇಳೆ. ನಮ್ಮ ಪುಂಡಿಗೆ ಇಲ್ಲಿ ಗೋಂಗೂರ ಎಂಬ ಹೆಸರು. ರತ್ತಮ್ಮ ಅದನ್ನು ಬೇಳೆಯೊಳಗೆ ಹಾಕಿ ಕುದಿಸಿ ಕೊಟ್ಟಾಗ, ಪರಿಚಯದವರನ್ನು ಬೇರೆ ಊರಿನ ಸಂತೆಯಲ್ಲಿ ಕಂಡಂತೆ ಅನ್ನಿಸಿತು. ಬೆಳಿಗ್ಗೆ ಅವರು “ಅನ್ನಂ ತಿನ್ನಾವಾ?” ಎಂದು ಕೇಳುತ್ತಾರೆ. ಊಟ ಆಯಿತೇ ಎಂದಷ್ಟೇ. “ತಿನ್ನಾನು” ಎಂದು ನಾನು ಮೊದಲ ಬಾರಿ ಅವರ ಭಾಷೆಯಲ್ಲಿ ಉತ್ತರ ಕೊಟ್ಟ ದಿನ ಅವರು ಒಂದು ಗೊನೆ ಬಾಳೆಹಣ್ಣು ಮೇಲೆ ಕಳಿಸಿದರು.

ಎಡೆಯ ಬಗ್ಗೆ ಹೇಳಬೇಕು. ನಮ್ಮ ಕಡೆ ಸತ್ತವರ ಫೋಟೋದ ಮುಂದೆ ಅವರಿಗೆ ಇಷ್ಟವಾದದ್ದನ್ನು ಬಡಿಸಿ ಇಡುತ್ತೇವೆ. ಅದೇ ಎಡೆ. ಊದಿನಕಡ್ಡಿ ಹಚ್ಚಿ, ಸ್ವಲ್ಪ ಹೊತ್ತು ಬಾಗಿಲು ಮರೆ ಮಾಡಿ, ಆಮೇಲೆ ಆ ತಾಟು ಎತ್ತಿಕೊಂಡು ಮನೆಯವರೆಲ್ಲ ಒಂದೊಂದು ತುತ್ತು ಹಂಚಿ ಉಣ್ಣಬೇಕು. ಚೆಲ್ಲುವಂತಿಲ್ಲ, ಹೊರಗಿನವರಿಗೆ ಕೊಡುವಂತಿಲ್ಲ. ಊರಲ್ಲಿದ್ದಾಗ ಅಮಾವಾಸ್ಯೆಗೊಮ್ಮೆ ಇಡುತ್ತಿದ್ದೆವು. ಗೌರವ್ವ, ಮೈದುನ, ಅವರ ನಾಲ್ಕು ಮಕ್ಕಳು, ನಾನು. ತಾಟು ಒಂದು ಸುತ್ತು ಬರುವುದರೊಳಗೆ ಖಾಲಿಯಾಗುತ್ತಿತ್ತು.

ಗಂಗಾವತಿಯ ಮೊದಲ ಸಂಜೆ ನಾನು ಅಳತೆ ತಪ್ಪಿ ಇಬ್ಬರಿಗೆ ಅಕ್ಕಿ ಹಾಕಿದ್ದೆ. ಮಗಳು ಹಾಸ್ಟೆಲಿಗೆ ಹೋದ ಮೇಲಿನ ರೂಢಿ. ಅನ್ನ ಆದ ಮೇಲೆ ಒಂದು ತಾಟಿನಲ್ಲಿ ಬಡಿಸಿ ಫೋಟೋದ ಮುಂದೆ ಇಟ್ಟೆ. ಹೊಸ ಮನೆ, ಅವರಿಗೂ ಗೊತ್ತಾಗಲಿ ಅಂದುಕೊಂಡೆ. ಮರುದಿನವೂ ಇಟ್ಟೆ. ಹಾಗೆ ಅದು ದಿನದ ಕೆಲಸವಾಯಿತು. ಕಚೇರಿಯಿಂದ ಬಂದು, ಸ್ನಾನ ಮಾಡಿ, ಅಡುಗೆ ಮಾಡಿ, ಅವರದೊಂದು ತಾಟು, ನನ್ನದೊಂದು ತಾಟು. ನನ್ನದು ಉಂಡ ಮೇಲೆ ಅವರದನ್ನು ಎತ್ತುತ್ತಿದ್ದೆ. ಚೆಲ್ಲಬಾರದಲ್ಲ. ಹಂಚಿಕೊಳ್ಳಲು ಯಾರೂ ಇರಲಿಲ್ಲ. ನಾನೇ ಉಣ್ಣುತ್ತಿದ್ದೆ.

ಅವರು ಬದುಕಿದ್ದಾಗ ಎರಡನೆಯ ಸಲ ಬಡಿಸಲು ಹೋದರೆ ತಾಟಿನ ಮೇಲೆ ಅಂಗೈ ಅಡ್ಡ ಹಿಡಿದು “ಸಾಕು ಸಾಕು” ಅನ್ನುತ್ತಿದ್ದರು. ಫೋಟೋ ಹಾಗೆ ಅನ್ನುವುದಿಲ್ಲ. ಬರಬರುತ್ತಾ ಅವರ ತಾಟಿಗೆ ತುಪ್ಪ ಬಂತು, ಶನಿವಾರಕ್ಕೆ ಬೆಲ್ಲದ ಸಿಹಿ ಮಾದಲಿ ಬಂತು. ಅವರು ಇದ್ದಾಗ ವಾರದ ದಿನ ಇಷ್ಟೆಲ್ಲ ಮಾಡುತ್ತಿರಲಿಲ್ಲ. ಖಾರ ಕಡಿಮೆ ಆಯಿತೆಂದು ಅಂದು ಹೋದವರಿಗೆ ಏನು ಮಾಡಿಟ್ಟರೂ ಕಡಿಮೆಯೇ ಅನ್ನಿಸುತ್ತಿತ್ತು.

ಆರು ತಿಂಗಳಲ್ಲಿ ಕುಪ್ಪಸದ ಹೊಲಿಗೆ ಎರಡು ಸಲ ಬಿಚ್ಚಿದೆ. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತು. ಕಚೇರಿಯಲ್ಲಿ ಯಾರೂ ಏನೂ ಅನ್ನಲಿಲ್ಲ. ಅವರು ನನ್ನನ್ನು ಮೊದಲು ನೋಡಿರಲಿಲ್ಲ. ಯಲಬುರ್ಗಾಕ್ಕೆ ಹೋದಾಗ ಗೌರವ್ವ ಬಾಗಿಲಲ್ಲೇ ಕೈ ಬಾಯಿಗೆ ಇಟ್ಟುಕೊಂಡಳು.

“ಅಯ್ಯ ಯವ್ವಾ, ಗಂಗಾವತಿ ನೀರು ಭಾಳ ಛಲೋ ಹತ್ತೈತಿ ಬಿಡು ನಿನಗ. ಮೈ ಕೈ ತುಂಬಿಕೊಂಡು ಸೌಕಾರ್ತಿ ಆಗಿಯಲ್ಲ!”

ಅದು ಚೇಷ್ಟೆ. ನಾನೂ ನಕ್ಕೆ. ಸಂಜೆ ಹಿತ್ತಲಿನಲ್ಲಿ ಬಟ್ಟೆ ಒಣಹಾಕುತ್ತಿದ್ದಾಗ ಗೋಡೆಯಾಚೆ ಅವಳು ಇನ್ಯಾರಿಗೋ ಹೇಳುತ್ತಿದ್ದುದು ಕೇಳಿಸಿತು. “ಗಂಡ ಹೋಗಿ ಇನ್ನ ಎರಡು ವರ್ಷ ಆಗಿಲ್ಲ. ಅವನ ನೌಕರಿ ಉಂಡು ಹೆಂಗ ಗುಂಡಗ ಆಗ್ಯಾಳ ನೋಡು. ದುಃಖ ಇದ್ದಾಕಿ ಮೈ ಹಿಂಗ ಇರತೈತೇನು?”

ನಮ್ಮ ಕಡೆ ದುಃಖಕ್ಕೆ ಒಂದೇ ರೂಪ. ಸೊರಗಬೇಕು, ಕಣ್ಣು ಕುಳಿ ಬೀಳಬೇಕು. ತಿಂದು ದಪ್ಪವಾಗುವ ದುಃಖವೂ ಇದೆಯೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ನನಗೂ ತಿಳಿದಿರಲಿಲ್ಲ. ಮರುದಿನ ಹಿಂದಿರುಗುವಾಗ ಕೊಪ್ಪಳದ ಬಸ್ ನಿಲ್ದಾಣದಲ್ಲಿ ಮಿರ್ಚಿ ಭಜಿ ಕೊಂಡೆ. ಒಂದು ಪ್ಲೇಟು ತಿಂದು ಮತ್ತೊಂದು ಕೇಳಿದೆ, ಮತ್ತೊಂದು. ಹಸಿವು ಇರಲಿಲ್ಲ. ಬಾಯಿ ಖಾಲಿಯಾದರೆ ಅಳು ಬರುತ್ತದೆ ಅನ್ನಿಸಿತ್ತು. ಬಸ್ ನಿಲ್ದಾಣದಲ್ಲಿ ಹೆಂಗಸು ಅಳುತ್ತಿದ್ದರೆ ಮಂದಿ ಸೇರುತ್ತಾರೆ. ತಿನ್ನುತ್ತಿದ್ದರೆ ಯಾರೂ ತಿರುಗಿ ನೋಡುವುದಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಕಣ್ಣು ಮಬ್ಬಾಯಿತು. ಕಚೇರಿಯಲ್ಲಿ ನನ್ನ ಕೆಲಸ ಕಡತಗಳನ್ನು ಮೇಜಿನಿಂದ ಮೇಜಿಗೆ ಒಯ್ಯುವುದು. ಮೇಲಿನ ನಂಬರು ಓದಲು ಬಾರದೆ ಒಂದು ಕಡತವನ್ನು ಬೇರೆ ಮೇಜಿಗೆ ಇಟ್ಟೆ. ಅದು ಎರಡು ದಿನ ಸಿಗಲಿಲ್ಲ. ಮೇಲಧಿಕಾರಿ ಬೈಯಲಿಲ್ಲ. “ಇನ್ನೂ ಪ್ರೊಬೇಷನರಿ ಇದ್ದೀರಿ, ಕಣ್ಣು ತೋರಿಸ್ಕೊಳ್ಳಿ” ಅಂದರಷ್ಟೇ. ದವಾಖಾನೆಯಲ್ಲಿ ಕಣ್ಣಿಗಿಂತ ಮೊದಲು ರಕ್ತ ನೋಡಿದರು. ಸಕ್ಕರೆ ಕಾಯಿಲೆ. ಮಾತ್ರೆ ಕೊಟ್ಟು, ಅನ್ನ ಕಡಿಮೆ ಮಾಡಿ, ನಡೆಯಿರಿ, ಬಾಯಿಗೆ ಹೋದದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ ಅಂದರು ಡಾಕ್ಟರು.

ಫೋನಿನಲ್ಲಿ ಸುಜಾತಾಳಿಗೆ ಹೇಳಿದೆ. “ಅವ್ವಾ, ನಿನ್ನ ಕಣ್ಣಿಗೆ ಏನಾರ ಆದ್ರ ನಾ ಕಾಲೇಜ್ ಬಿಟ್ಟು ಬರಬೇಕಾಕ್ಕತಿ. ಮತ್ತ ನಿನ್ನ ನೌಕರಿನೂ ಇರಂಗಿಲ್ಲ. ಅಪ್ಪ ಅಂತೂ ಹೋದ. ನೀನಾರ ನೆಟ್ಟಗ ಇರು” ಅಂದಳು. ಅವಳು ಅಳಲಿಲ್ಲ. ಅಪ್ಪನ ಹಾಗೆ, ಕಷ್ಟದ ಮಾತನ್ನು ಪಟ್ಟಿ ಓದಿದಂತೆ ಹೇಳುತ್ತಾಳೆ.

ನಾನು ನೆಟ್ಟಗೆ ಬರೆದೆ. ಬೆಳಿಗ್ಗೆ ಎರಡು ಇಡ್ಲಿ. ಮಧ್ಯಾಹ್ನ ಡಬ್ಬಿ ಅನ್ನ, ಅರ್ಧ. ಸಂಜೆ ಒಂದು ಸಣ್ಣ ತಾಟು ಅನ್ನ, ಪಪ್ಪು. ಭಜಿ ತಿಂದ ದಿನ ಭಜಿ ಎಂದು ಬರೆದೆ. ಸಕ್ಕರೆ ಹಾಕಿದ ಚಹಾ ಬಿಟ್ಟೆ. ಬೆಳಿಗ್ಗೆ ಕಾಲುವೆಯ ದಂಡೆಗುಂಟ ನಡೆದೆ. ಮೂರು ತಿಂಗಳ ಮೇಲೆ ಪರೀಕ್ಷೆ ಮಾಡಿದರೆ ಸಕ್ಕರೆ ಇಳಿದಿರಲಿಲ್ಲ, ಏರಿತ್ತು. ಡಾಕ್ಟರು ನೋಟ್‌ಬುಕ್ಕನ್ನೂ ನನ್ನನ್ನೂ ನೋಡಿ, “ಅಮ್ಮಾ, ಎಲ್ಲ ಬರೆಯಲ್ಲ ನೀವು” ಅಂದರು. ಹೀಗೇ ಏರಿದರೆ ಇನ್ಸುಲಿನ್ ಸೂಜಿ, ಕಣ್ಣಿನ ಹಿಂಭಾಗಕ್ಕೂ ತೊಂದರೆ ಎಂದು ಹೇಳಿ ಒಳಗಿನ ಕೋಣೆಗೆ, ಊಟದ ಬಗ್ಗೆ ತಿಳಿಸಿ ಹೇಳುವ ನರ್ಸಿನ ಹತ್ತಿರ ಕಳಿಸಿದರು.

ನಾನು ಜೀವನದಲ್ಲಿ ಅನೇಕ ತಪ್ಪು ಮಾಡಿದ್ದೇನೆ. ಸುಳ್ಳು ಬರೆದಿರಲಿಲ್ಲ. ನೋಟ್‌ಬುಕ್ಕನ್ನು ತೆರೆದು ಹಿಡಿದುಕೊಂಡೇ ಆ ಕೋಣೆಗೆ ಹೋದೆ.

“ಯಾವೂರ್ರೀ ನಿಮ್ಮದು?” ಎಂದು ನರ್ಸ್ ಕೇಳಿದಳು.

“ಯಲಬುರ್ಗಾ.”

“ಅದಕ್ಕ ಮಾತು ನಮ್ಮ ಕಡೇದು ಅನಿಸ್ತು. ನಾ ಹನುಮಸಾಗರದಾಕಿ. ಕುಂದರ್ರಿ ಯಕ್ಕಾ. ಡಾಕ್ಟರು ನೀವು ಖರೇ ಬರಿಯವಲ್ರಿ ಅಂತಾರಲ್ಲ?”

“ನಮ್ಮನಿಯವರ ಫೋಟೋದ ಆಣಿ ಮಾಡಿ ಹೇಳ್ತೀನ್ರಿ. ಬರದದ್ದು ಬಿಟ್ಟು ನನ್ನ ತಾಟಿಗೆ ಒಂದು ಅಗಳು ಹೆಚ್ಚಿಗಿ ಹಾಕ್ಕೊಂಡಿಲ್ಲ.”

“ಆಣಿ ಬ್ಯಾಡ್ರಿ. ಸಂಜಿಗೆ ಅಕ್ಕಿ ಎಷ್ಟು ಹಾಕ್ತೀರಿ, ಅದು ಹೇಳ್ರಿ.”

“ಎರಡು ಲೋಟ.”

“ಯಾವ ಲೋಟ? ನೀರು ಕುಡಿಯೂದಾ?”

“ಹೂನ್ರಿ.”

“ಮನ್ಯಾಗ ಎಷ್ಟು ಮಂದಿ?”

“ನಾ ಒಬ್ಬಾಕಿ.”

ಅವಳು ಪೆನ್ನು ಎತ್ತಿ ನಕ್ಕಳು. “ಎರಡು ಲೋಟ ಅಕ್ಕಿ ಕುದಿಸಿ ಒಂದು ಸಣ್ಣ ತಾಟು ಉಂಡ್ರ, ಉಳದದ್ದು ಎಲ್ಲಿ ಹೋಗತೈತ್ರಿ? ನಾಯಿ ಸಾಕೀರೇನು?”

“ಇಲ್ರಿ. ಅದು ಅವರದು.”

“ಯಾರದು?”

“ನಮ್ಮನಿಯವರದು. ಎಡಿ ಇಡ್ತೀನ್ರಿ.”

“ದಿನಾ?”

“ದಿನಾ.”

ಅವಳ ನಗು ಹೋಯಿತು. ನೋಟ್‌ಬುಕ್ ತಿರುವಿ ಸಂಜೆಯ ಸಾಲುಗಳನ್ನು ನೋಡಿದಳು. “ಯಕ್ಕಾ, ಆಮ್ಯಾಲ ಆ ಎಡಿ ಯಾರು ಉಣ್ತಾರ್ರಿ?”

“ನಾನು” ಎನ್ನಬೇಕಿತ್ತು. ಅಷ್ಟೂ ದಿನ ಆ ತಾಟನ್ನು ನನ್ನ ಕೈಯಿಂದಲೇ ನನ್ನ ಬಾಯಿಗೆ ಹಾಕಿಕೊಂಡಿದ್ದೆ. ಆದರೂ ನಾನು ಉಂಡೆ ಎಂದು ಒಮ್ಮೆಯೂ ಅನ್ನಿಸಿರಲಿಲ್ಲ. ಅವರು ಉಂಡರು ಎಂದೇ ನನ್ನ ಮನಸ್ಸಿನಲ್ಲಿತ್ತು. ಬರೆಯದೆ ಮುಚ್ಚಿಟ್ಟಿದ್ದಲ್ಲ. ಬೇರೆಯವರ ಊಟವನ್ನು ನನ್ನ ನೋಟ್‌ಬುಕ್ಕಿನಲ್ಲಿ ಯಾಕೆ ಬರೆಯಲಿ?

“ಹೊಟ್ಟಿಗೆ ಇದು ಯಾರ ಪಾಲು ಅಂತ ತಿಳಿಯಂಗಿಲ್ಲ ನೋಡ್ರಿ” ಅಂದಳು ನರ್ಸ್, ಮೆತ್ತಗೆ. “ನಮ್ಮಪ್ಪಗೂ ಎಡಿ ಇಡ್ತೀವಿ. ಆದ್ರ ಮನಿ ತುಂಬ ಮಂದಿ, ಆಳಿಗೊಂದು ತುತ್ತು ಬರತೈತಿ. ನೀವು ಆ ಎಲ್ಲಾ ತುತ್ತು ಒಬ್ಬರ ಉಣ್ಣಾಕತ್ತೀರಿ. ಇಡಬ್ಯಾಡ್ರಿ ಅನ್ನಂಗಿಲ್ಲ. ಒಂದು ಹಿಡಿ ಇಡ್ರಿ.” ಆಮೇಲೆ, ಮನಸ್ಸಿನ ಚಿಂತೆಯಿಂದಲೂ ಸಕ್ಕರೆ ಏರುತ್ತದೆಂದೂ, ಹಸಿವಿಲ್ಲದೆ ತಿನ್ನಬೇಕೆನಿಸಿದಾಗ ಮೊದಲು ಯಾರಿಗಾದರೂ ಫೋನ್ ಮಾಡಬೇಕೆಂದೂ ಹೇಳಿ ತನ್ನ ನಂಬರು ಬರೆದುಕೊಟ್ಟಳು.

ಒಂದು ಹಿಡಿ ಎನ್ನುವುದು ಹೇಳಲು ಸುಲಭ. ಅಷ್ಟು ದೊಡ್ಡ ತಾಟಿನ ನಡುವೆ ಒಂದು ಹಿಡಿ ಅನ್ನ ಇಟ್ಟು ಫೋಟೋದ ಕಡೆ ನೋಡಲು ನನ್ನಿಂದ ಆಗಲಿಲ್ಲ. ದುಡಿದು ಬಂದ ಗಂಡಸಿಗೆ ಅಷ್ಟು ಬಡಿಸಿದರೆ ನೋಡಿದವರು ಏನೆಂದಾರು? ಮೂರು ದಿನ ಇಟ್ಟೆ. ನಾಲ್ಕನೆಯ ದಿನ ಅವರ ಕ್ಷಮೆ ಕೇಳುವವಳಂತೆ ಎರಡೂವರೆ ಲೋಟ ಅಕ್ಕಿ ಹಾಕಿದೆ. ಮತ್ತೆ ಎಲ್ಲ ಮೊದಲಿನಂತೆಯೇ ಆಯಿತು. ಈಗ ಗೊತ್ತಿದ್ದೂ ಉಣ್ಣುತ್ತಿದ್ದೆ, ಅಷ್ಟೇ ವ್ಯತ್ಯಾಸ.

ಒಂದು ಸಂಜೆ ರತ್ತಮ್ಮ ಮೊಸರು ಕೊಡಲು ಮೇಲೆ ಬಂದವರು ಎರಡು ತಾಟು ನೋಡಿದರು. ನಾನು ಮುಚ್ಚಿಡಲಿಲ್ಲ. ಹೇಳಿದೆ, ನರ್ಸ್ ಹೇಳಿದ್ದನ್ನೂ ಹೇಳಿದೆ. ಅವರು ಕುರ್ಚಿ ಎಳೆದುಕೊಂಡು ಕುಳಿತರು.

“ನನ್ನದು ಕೇಳು. ಆಯನ, ನಮ್ಮ ಯಜಮಾನರು, ಹೋದ ಮೇಲೆ ನಾನು ಎರಡು ವರ್ಷ ಲಡ್ಡು ತಿಂದೆ. ಡಬ್ಬಿ ಬೀರುವಿನೊಳಗೆ, ಸೀರೆ ಕೆಳಗೆ. ಶುಗರ್ ಇದ್ದದ್ದು ಆಯನಿಗೆ, ನನಗಲ್ಲ. ಆಯನ ಇದ್ದಾಗ ಕೊಡದೆ ಅಲ್ಲೇ ಬಚ್ಚಿಟ್ಟಿದ್ದೆನಲ್ಲ, ಆ ಪಾಪ ತೀರಿಸೋಕೆ ನಾನು ತಿಂದೆ. ಆಮೇಲೆ ನನಗೂ ಬಂತು ಶುಗರ್.” ತಾವೇ ನಕ್ಕರು. “ನಿನಗೆ ಎಷ್ಟು ತಾಟು ಬೇಕಮ್ಮಾ? ಒಂದೇ ಇಡು. ನಿನ್ನ ಊಟ ಎಷ್ಟೋ ಅಷ್ಟು. ಮೊದಲು ಅವರ ಮುಂದೆ ಇಡು, ಆಮೇಲೆ ಅದನ್ನೇ ನೀನು ತಿನ್ನು. ಗಂಡ ಉಂಡ ತಾಟಿನಲ್ಲಿ ಹೆಂಡತಿ ಉಣ್ಣೋದು ನಿಮ್ಮಲ್ಲಿ ಇಲ್ಲವಾ?”

ನಮ್ಮಲ್ಲಿ ಇದೆ. ನಮ್ಮತ್ತೆ ಹಾಗೆಯೇ ಉಣ್ಣುತ್ತಿದ್ದರು. ನಮ್ಮವರೇ ನನಗೆ ಬೇಡವೆಂದಿದ್ದರು. ಮದುವೆಯಾದ ವಾರವೇ ಸಂತೆಯಿಂದ ಇನ್ನೊಂದು ತಾಟು ತಂದು, “ನಿನ್ನ ತಾಟು ನಿನಗ, ಜೋಡಿ ಕುಂತು ಉಣ್ಣೂಣು” ಅಂದಿದ್ದರು. ಇದನ್ನು ನಾನು ರತ್ತಮ್ಮನಿಗೆ ಹೇಳಲಿಲ್ಲ. ಮರುದಿನ ಒಂದು ಲೋಟಕ್ಕಿಂತ ಕಡಿಮೆ ಅಕ್ಕಿ ಹಾಕಿದೆ. ಒಂದು ತಾಟು ಬಡಿಸಿದೆ. ಇಟ್ಟೆ, ಕೈ ಮುಗಿದೆ, ಎತ್ತಿದೆ, ಉಂಡೆ. ಹತ್ತು ನಿಮಿಷದಲ್ಲಿ ಎಲ್ಲ ಮುಗಿಯಿತು. ಎರಡು ತಾಟು ಇದ್ದಾಗ ಕೋಣೆಯಲ್ಲಿ ಇಬ್ಬರು ಇದ್ದಂತಿತ್ತು. ಆ ಜೊತೆಯನ್ನೇ ಇಷ್ಟು ದಿನ ಉಣ್ಣುತ್ತಿದ್ದೆ ಎಂದು ಆ ಸಂಜೆ ಗೊತ್ತಾಯಿತು. ಮತ್ತೊಮ್ಮೆ ಒಲೆ ಹಚ್ಚಬೇಕೆನಿಸಿತು. ಹಚ್ಚದೆ, ನರ್ಸಿಗೆ ಫೋನ್ ಮಾಡಿದೆ. ಅವಳು ಹನುಮಸಾಗರದಲ್ಲಿ ಮಳೆ ಆಗಿದ್ದರ ಬಗ್ಗೆ ಮಾತಾಡಿದಳು. ಊಟದ ಮಾತೇ ಎತ್ತಲಿಲ್ಲ.

ಮುಂದಿನ ಪರೀಕ್ಷೆಗೆ ಸಕ್ಕರೆ ಇಳಿದಿತ್ತು, ಅದರ ಮುಂದಿನದಕ್ಕೆ ಇನ್ನಷ್ಟು. ಕಡತದ ನಂಬರುಗಳು ಕಾಣುತ್ತವೆ. ಪ್ರೊಬೇಷನರಿ ಅವಧಿ ಮುಗಿಯಿತು. ಸುಜಾತಾ ಕೊನೆಯ ವರ್ಷಕ್ಕೆ ಬಂದಿದ್ದಾಳೆ. ರವಿವಾರ ಬೆಳಿಗ್ಗೆ ಎರಡು ಜೋಳದ ರೊಟ್ಟಿ ಬಡಿಯುತ್ತೇನೆ. ರತ್ತಮ್ಮ ಗೋಡೆಯ ಮಾತು ಎತ್ತುವುದಿಲ್ಲ, ತಮಗೂ ಒಂದು ಕೇಳುತ್ತಾರೆ. ಡಾಕ್ಟರು ಅವರಿಗೆ ಅನ್ನ ಬಿಡಲು ಹೇಳಿದ್ದಾರೆ.

ಕಳೆದ ತಿಂಗಳು ಯಲಬುರ್ಗಾಕ್ಕೆ ಹೋಗಿದ್ದೆ. ಕುಪ್ಪಸ ಸಡಿಲವಾಗಿದೆ, ಗಲ್ಲ ಇಳಿದಿದೆ. ಗೌರವ್ವ ನನ್ನ ಮುಂಗೈ ಹಿಡಿದು ನೋಡಿ ಮರುಗಿದಳು. “ಯಾಕವಾ ಹಿಂಗ ಸೊರಗಿ? ಭಾಳ ಮನಸಿಗೆ ಹಚ್ಚಿಕೊಂಡಿ ಅನಸ್ತೈತಿ. ಬಾ, ಮೊದಲು ಉಣ್ಣು.” ಎಲ್ಲಕ್ಕಿಂತ ಹೆಚ್ಚು ದುಃಖದಲ್ಲಿದ್ದಾಗ ಅವಳಿಗೆ ನಾನು ಸುಖವಾಗಿ ಕಂಡಿದ್ದೆ. ಈಗ ಸ್ವಲ್ಪ ಚೇತರಿಸಿಕೊಂಡಾಗ ದುಃಖದವಳಾಗಿ ಕಾಣುತ್ತಿದ್ದೇನೆ. ನಾನು ತಿದ್ದಲಿಲ್ಲ. ಅವಳು ಪ್ರೀತಿಯಿಂದಲೇ ಬಡಿಸಿದಳು. ಒಂದೂವರೆ ರೊಟ್ಟಿಗೆ ನಿಲ್ಲಿಸಿದಾಗ, ಅನ್ನದ ಊರಿಗೆ ಹೋಗಿ ರೊಟ್ಟಿ ಮರೆತಳೆಂದು ಮಕ್ಕಳಿಗೆ ಹೇಳಿದಳು. ಗಂಗಾವತಿಯ ಕಚೇರಿಯಲ್ಲಿ ನಾನು ಇವತ್ತಿಗೂ ರೊಟ್ಟಿ ಸೀಮೆಯ ಶಾಂತವ್ವ.

ಈಗ ಎರಡೂ ಊರುಗಳಲ್ಲಿ ನನ್ನನ್ನು ಊಟಕ್ಕೆ ಕರೆಯುವವರಿದ್ದಾರೆ. ಒಬ್ಬರು ತೆಲುಗಿನಲ್ಲಿ ಕೇಳುತ್ತಾರೆ, ಒಬ್ಬರು ನಮ್ಮ ಮಾತಿನಲ್ಲಿ. ನಾನು ಉಂಡಿದ್ದೇನೋ ಇಲ್ಲವೋ ಎಂದು ಕೇಳದೆಯೇ ತಿಳಿಯುತ್ತಿದ್ದ ಒಬ್ಬರು ಎರಡೂ ಕಡೆ ಇಲ್ಲ.